ಲೆಕ್ಕಕ್ಕೆ ಬಾರದ ಬೊಟ್ಟು

ನಮ್ಮ ಕಡೆಯ ಹೆಂಗಸರಿರುವ ಮನೆಯನ್ನು ಗುರುತು ಹಿಡಿಯಬೇಕಾದರೆ ಬಚ್ಚಲುಮನೆಯ ಕನ್ನಡಿಯನ್ನು ನೋಡಿದರೆ ಸಾಕು. ಮುಖ ತೊಳೆಯುವ ಮುನ್ನ ಹಣೆಯಿಂದ ತೆಗೆದು ಅಂಟಿಸಿ, ಮತ್ತೆ ಎತ್ತಿಕೊಳ್ಳಲು ಮರೆತ ಸ್ಟಿಕ್ಕರ್ ಬೊಟ್ಟುಗಳು ಅದರ ಅಂಚಿನುದ್ದಕ್ಕೂ ಸಾಲಾಗಿ ಕುಳಿತಿರುತ್ತವೆ. ಬಾಡಿಗೆ ಮನೆ ಬಿಡುವಾಗ ತಪಾಸಣೆಗೆ ಬಂದ ಏಜೆಂಟರು ಇದೇನು ಕಲೆ ಎಂದು ಹುಬ್ಬೇರಿಸಿದಾಗ, ಪರ್ತ್‌ನಲ್ಲೊಮ್ಮೆ, ಬ್ರಿಸ್ಬೇನಿನಲ್ಲಿ ಎರಡು ಸಲ, ಉಗುರಿನಿಂದ ಕೆರೆದು ಕೆರೆದು ಮಾನ ಉಳಿಸಿಕೊಂಡವಳು ನಾನು. ಆದರೆ ಕನ್ನಡಿಯ ಮೇಲಲ್ಲದೆ ನನ್ನ ಆಫೀಸಿನ ಡೈರಿಯ ಒಳರಟ್ಟಿನ ಮೇಲೂ ಒಂದು ಬೊಟ್ಟು ವರ್ಷದಿಂದ ಅಂಟಿಕೊಂಡಿತ್ತು. ಕುಂಕುಮದ ಬಣ್ಣ, ಕಡಲೆಬೇಳೆಯಷ್ಟು ಅಗಲ. ಅದು ನನ್ನದಲ್ಲ. ಅದರ ಕತೆಯನ್ನು ಯಾರಿಗಾದರೂ ಹೇಳಿಕೊಳ್ಳದೆ ಗತ್ಯಂತರವಿಲ್ಲವೆನಿಸಿ ನಿಮ್ಮ ಮುಂದೆ ಕುಳಿತಿದ್ದೇನೆ.

ನನ್ನ ಉದ್ಯೋಗ ಬೇಡುವುದು. ನಗಬೇಡಿ, ಸಂಬಳ ಕೊಟ್ಟು ಇಟ್ಟುಕೊಂಡಿರುವುದೇ ಅದಕ್ಕೆ. ಬ್ರಿಸ್ಬೇನಿನ ಉತ್ತರಕ್ಕಿರುವ ಒಂದು ಕೌನ್ಸಿಲ್‌ನಲ್ಲಿ, ನಮ್ಮೂರ ಮಾತಿನಲ್ಲಿ ಪುರಸಭೆ ಎನ್ನಿ, ನಾನು ಕೆಲಸ ಮಾಡುತ್ತೇನೆ, ಹೆಸರು ಬೇಡ. ಕಸ ಎತ್ತುವುದು, ಪಾರ್ಕಿನ ಹುಲ್ಲು ಕತ್ತರಿಸುವುದು ನಮ್ಮ ಕೈಯಲ್ಲಿದೆ; ಆಸ್ಪತ್ರೆ, ಹೆದ್ದಾರಿ, ನಮ್ಮ ಭಾಗದ ಬಸ್ಸು ಇವೆಲ್ಲ ರಾಜ್ಯ ಸರ್ಕಾರದ ಕೈಯಲ್ಲಿ. ಕೈಯಲ್ಲಿಲ್ಲದ್ದನ್ನು ಕೇಳಿಯೇ ಪಡೆಯಬೇಕಲ್ಲ? ಅದಕ್ಕೆಂದೇ ವರ್ಷಕ್ಕೊಮ್ಮೆ ಅಹವಾಲುಗಳ ಪಟ್ಟಿಯೊಂದನ್ನು ಸಿದ್ಧಪಡಿಸುತ್ತೇವೆ. ಇಲಾಖೆಗಳನ್ನು ಕೇಳುತ್ತೇವೆ, ಚುನಾಯಿತ ಸದಸ್ಯರನ್ನು ಕೇಳುತ್ತೇವೆ, ಬಂದ ರಾಶಿಯನ್ನು ಜರಡಿ ಹಿಡಿಯುತ್ತೇವೆ, ಆಮೇಲೆ ಊರವರ ಮುಂದಿಡುತ್ತೇವೆ. ಕೊನೆಗೆ ಉಳಿದ ಬೆರಳೆಣಿಕೆಯ ಬೇಡಿಕೆಗಳಿಗೆ ಸಭೆಯ ಒಪ್ಪಿಗೆ ಪಡೆದು, ನುಣುಪು ಕಾಗದದ ಮೇಲೆ ಅಚ್ಚು ಹಾಕಿಸಿ, ಬಜೆಟ್ಟಿಗೆ ಮುಂಚೆ ಮಂತ್ರಿಗಳ ಮೇಜಿಗೆ ಮುಟ್ಟಿಸುತ್ತೇವೆ. ಪೂಜೆಗೆ ಕುಳಿತಾಗ ಪುರೋಹಿತರು ಹೇಳಿಸುವ ಸಂಕಲ್ಪವೂ ಇಂಥದೇ ತಾನೆ? ದೇಶ, ಕಾಲ, ಗೋತ್ರ, ನಕ್ಷತ್ರಗಳನ್ನು ಹೇಳಿ, ಕೇಳುತ್ತಿರುವವರು ಯಾರೆಂದು ಖಚಿತಪಡಿಸಿ, ಆಯುಸ್ಸು ಮೊದಲು, ಆರೋಗ್ಯ ಆಮೇಲೆ, ಐಶ್ವರ್ಯ ಅದರ ಹಿಂದೆ ಎಂದು ಕ್ರಮ ಹಾಕಿ ಬೇಡುವುದು. ದೇವರ ಮುಂದಾದರೆ ಇಷ್ಟಕ್ಕೇ ನಿಲ್ಲಿಸಿ ಎನ್ನುವವರಿಲ್ಲ. ನಮ್ಮ ಪಟ್ಟಿಯಲ್ಲಿ ಜಾಗ ಕಡಿಮೆ.

ಊರವರ ಮುಂದಿಡುವ ದಿನ ಸಮುದಾಯ ಭವನದಲ್ಲಿ ಸಾಲಾಗಿ ಫಲಕಗಳನ್ನು ನಿಲ್ಲಿಸಿರುತ್ತೇವೆ, ಒಂದೊಂದರಲ್ಲೂ ಒಂದೊಂದು ಬೇಡಿಕೆ. ಬಂದವರ ಕೈಗೆ ಐದೈದು ಹಸಿರು ಚುಕ್ಕೆಗಳ ಸ್ಟಿಕ್ಕರ್ ಹಾಳೆ. ಬೇಕೆನಿಸಿದ್ದಕ್ಕೆ ಬೇಕಾದಷ್ಟು ಅಂಟಿಸಬಹುದು, ಐದನ್ನೂ ಒಂದಕ್ಕೇ ಹಾಕಬಹುದು. ಕಳೆದ ವರ್ಷ ಆರು ಫಲಕಗಳಿದ್ದವು. ಕಟ್ಟಕಡೆಯದು ಬಸ್ಸು: ನಮ್ಮ ಬಡಾವಣೆಯಿಂದ ಆಸ್ಪತ್ರೆಗೆ ನೇರವಾಗಿ ಹೋಗುವ ಬಸ್ಸು.

ಅದಕ್ಕಾಗಿಯೇ ಬಂದವರು ಶಾರದಾ ಆಂಟಿ. ನಮ್ಮ ಬೀದಿಯವರೇ, ಮಗಳೊಡನೆ ಇರಲೆಂದು ಗಂಡ ಹೆಂಡತಿ ಹಾಸನದಿಂದ ಬಂದು ನೆಲೆಸಿದವರು. ಅಂಕಲ್ ಎರಡು ತಿಂಗಳಿಂದ ಆಸ್ಪತ್ರೆಯಲ್ಲಿದ್ದರು. ಮಗಳು ರಶ್ಮಿ ಬ್ರಿಸ್ಬೇನಿನ ಸೇಂಟ್ ಲೂಸಿಯಾ ಬಡಾವಣೆಯಲ್ಲಿರುವ ವಿಶ್ವವಿದ್ಯಾಲಯದಲ್ಲಿ ಸಂಶೋಧಕಿ, ಅವಳ ದಾರಿ ದಕ್ಷಿಣಕ್ಕೆ, ಆಸ್ಪತ್ರೆಯ ದಾರಿ ಇನ್ನೊಂದು ದಿಕ್ಕಿಗೆ. ಆಂಟಿಗೆ ಕಾರು ಬಾರದು. ಬೆಳಗ್ಗೆ ಒಂದು ಬಸ್ಸು ಹಿಡಿದು, ನಿಲ್ದಾಣದಲ್ಲಿ ಇಳಿದು, ಮುಕ್ಕಾಲು ಗಂಟೆ ಕಾದು, ಇನ್ನೊಂದು ಬಸ್ಸು ಹಿಡಿದು ಗಂಡನ ಹಾಸಿಗೆಯ ಬಳಿ ಸೇರುವ ಹೊತ್ತಿಗೆ ಡಬ್ಬಿಯಲ್ಲಿದ್ದ ಇಡ್ಲಿ ತಣ್ಣಗಾಗಿರುತ್ತಿತ್ತು. ಆ ಮನುಷ್ಯ ಬೇರೆ ಯಾರು ಕೊಟ್ಟರೂ ತಿನ್ನುತ್ತಿರಲಿಲ್ಲ. ಬಸ್ಸಿನ ಫಲಕ ಇರುತ್ತದೆ, ಬನ್ನಿ ಆಂಟಿ ಎಂದು ಕರೆದವಳು ನಾನೇ.

ಆಂಟಿ ಚುಕ್ಕೆಗಳನ್ನು ಹಿಡಿದು ಎಡಗಡೆಯ ಮೊದಲ ಫಲಕದಿಂದ ಹೊರಟರು. ಮಕ್ಕಳ ಆಟದ ಅಂಗಳಕ್ಕೊಂದು. ಗ್ರಂಥಾಲಯಕ್ಕೊಂದು. ಮೈದಾನದ ದೀಪಗಳಿಗೊಂದು. ಹೀಗೆ ಒಂದೊಂದಾಗಿ ಬಡಿಸುತ್ತ, ಹೌದು, ಬಡಿಸುತ್ತ ಎಂದೇ ಹೇಳಬೇಕು, ಕೊನೆಯ ಫಲಕಕ್ಕೆ ಬಂದಾಗ ಹಾಳೆ ಬರಿದಾಗಿತ್ತು. ಎಲೆ ಹಾಕಿದ ಮೇಲೆ ಸಾಲಿನ ನಡುವೆ ಒಬ್ಬರನ್ನು ಬಿಟ್ಟು ಇನ್ನೊಬ್ಬರಿಗೆ ಹಾಕಿದರೆ ಪಂಕ್ತಿಭೇದವಾಗುತ್ತದೆಂದು ಬಲ್ಲ ಕೈ ಅದು. ಆರಿಸುವುದೆಂದರೆ ಕೆಲವರನ್ನು ಉಪವಾಸ ಕೆಡವುವುದು ಎಂಬ ನಮ್ಮ ಕಚೇರಿಯ ನಿಯಮ ಆ ಕೈಗೆ ಹೇಗೆ ಗೊತ್ತಾಗಬೇಕು?

"ಅಯ್ಯೋ, ಖಾಲಿ ಆಗೋಯ್ತಲ್ಲಮ್ಮ! ಬಸ್ಸಿಗೇ ಇಲ್ವಲ್ಲ!" ಎಂದು ನನ್ನತ್ತ ನೋಡಿದರು. ಒಬ್ಬರಿಗೆ ಐದೇ ಎಂದು ನಾನು ಹೇಳುತ್ತಿರುವಂತೆಯೇ ಅವರ ಬೆರಳು ಹಣೆಗೆ ಹೋಯಿತು. ಬೊಟ್ಟನ್ನು ಕಿತ್ತು, ಬಸ್ಸಿನ ಚಿತ್ರದ ಕೆಳಗೆ ಒತ್ತಿ ಅಂಟಿಸಿಬಿಟ್ಟರು.

"ಆಂಟಿ, ಹಣೆ ಬರಿದು ಮಾಡ್ಕೋಬೇಡಿ" ಎಂದೆ. ಅರಿವಿಲ್ಲದೆ ಬಂದ ಮಾತು, ನನ್ನ ಅಜ್ಜಿಯ ಮಾತು.

"ಮನೇಗ್ ಹೋಗಿ ಇನ್ನೊಂದ್ ಇಟ್ಕೋತೀನಿ ಬಿಡು. ಇದು ನಮ್ಮೆಜಮಾನ್ರ ಕೆಲಸಕ್ಕೇ ತಾನೆ" ಎಂದು ನಕ್ಕರು. ಬೊಟ್ಟಿದ್ದ ಜಾಗದಲ್ಲಿ ಚರ್ಮ ಬೆಳ್ಳಗೆ ಕಾಣುತ್ತಿತ್ತು.

ಇಲ್ಲಿ ಪರ್ತ್‌ನ ಒಂದು ಮಾತನ್ನು ಹೇಳದಿದ್ದರೆ ಮುಂದಿನದು ನಿಮಗೆ ಅರ್ಥವಾಗದು. ಈ ದೇಶಕ್ಕೆ ಬಂದ ಹೊಸದರಲ್ಲಿ, ಗಣಿ ಕಂಪನಿಯಲ್ಲಿ ಭೂವಿಜ್ಞಾನಿಯಾಗಿದ್ದ ನನ್ನ ಗಂಡ ವಾರಗಟ್ಟಲೆ ಮರುಭೂಮಿಯ ಪಾಲಾಗಿರುತ್ತಿದ್ದ ದಿನಗಳಲ್ಲಿ, ಪರ್ತ್ ಪಕ್ಕದ ಫ್ರೀಮ್ಯಾಂಟಲ್‌ನಿಂದಾಚೆಯ ಒಂದು ಚಿಕ್ಕ ಕೌನ್ಸಿಲ್‌ನ ಕೌಂಟರಿನಲ್ಲಿ ಕೂರುತ್ತಿದ್ದೆ. ಒಮ್ಮೆ ಕನ್ನಡದವರೊಬ್ಬರು ಬಂದರು. ಸಂತೋಷದಿಂದ ಕನ್ನಡದಲ್ಲೇ ಮಾತಾಡಿ ಅವರ ಅರ್ಜಿ ತುಂಬಿಸಿಕೊಟ್ಟೆ. ಸರದಿಯಲ್ಲಿ ನಿಂತಿದ್ದ ಮುದುಕರೊಬ್ಬರು, "ನಿಮ್ಮವರನ್ನು ಚೆನ್ನಾಗಿ ನೋಡಿಕೊಳ್ಳುತ್ತೀರಿ" ಎಂದು ನಗುತ್ತಲೇ ಅಂದರು. ತಮಾಷೆಯಿರಬಹುದು. ಆದರೆ ಅಂದಿನಿಂದ ನಾನು ನಮ್ಮವರಿಗೆ ನಾಲ್ಕಂಗುಲ ದೂರದವಳಾದೆ. ಎಲ್ಲರಿಗೂ ನಕ್ಕು ಕೊಡುತ್ತಿದ್ದ ಅರ್ಜಿಯನ್ನು ಕನ್ನಡದವರಿಗೆ ಮಾತ್ರ ನಗದೆ ಕೊಟ್ಟೆ. ಅದನ್ನೇ ಪ್ರಾಮಾಣಿಕತೆ ಎಂದು ಕರೆದುಕೊಂಡೆ.

ಭವನಕ್ಕೆ ಮರಳೋಣ. ಸಂಜೆ ಎಣಿಕೆ. ನನ್ನ ಮೇಲಧಿಕಾರಿ ಹೆಲೆನ್, ಒರಟು ಮಾತಿನ ಒಳ್ಳೆಯ ಹೆಂಗಸು, ಫಲಕದಿಂದ ಫಲಕಕ್ಕೆ ಪೆನ್ನಿನ ತುದಿಯಿಂದ ಎಣಿಸುತ್ತ ಬಂದಳು. ಪಟ್ಟಿಯ ಕೊನೆಯ ಜಾಗಕ್ಕೆ ಮೈದಾನದ ದೀಪಗಳೂ ಬಸ್ಸೂ ಸಮಸಮ. ಅಷ್ಟರಲ್ಲಿ ಅವಳ ಪೆನ್ನು ಕೆಂಪು ಬೊಟ್ಟಿನ ಮೇಲೆ ನಿಂತಿತು. "ಇದೇನು?"

ನಾನು ಏನೆಲ್ಲ ಹೇಳಬಹುದಿತ್ತು! ಎಲ್ಲರಿಗೂ ಬಡಿಸಿ ತನಗೇ ಉಳಿಸಿಕೊಳ್ಳದೆ ಹೋದ ಒಬ್ಬ ಹೆಂಗಸಿನ ಕತೆಯನ್ನು ಎರಡು ವಾಕ್ಯದಲ್ಲಿ ಹೇಳಬಹುದಿತ್ತು. ದೀಪಗಳ ಮೇಲಿದ್ದ ಒಂದು ಹಸಿರು ಚುಕ್ಕೆಯೂ ಆಕೆಯದೇ ಎನ್ನಬಹುದಿತ್ತು. "ಏನಿಲ್ಲ, ಯಾರದೋ ಹಣೆಯಿಂದ ಬಿದ್ದು ಅಂಟಿಕೊಂಡಿದೆ" ಎಂದೆ. ಎಂದು, ಅದನ್ನು ಕಿತ್ತು ಡೈರಿಯೊಳಗೆ ಅಂಟಿಸಿದೆ. ಸಮ ಬಂದಾಗ ಹಿಂದಿನ ವರ್ಷದ ಪಟ್ಟಿಯಲ್ಲಿದ್ದುದಕ್ಕೇ ಜಾಗ ಎಂಬುದು ನಿಯಮ. ದೀಪಗಳು ಗೆದ್ದವು.

ಅದಾಗಿ ಐದು ವಾರಕ್ಕೆ ಅಂಕಲ್ ಹೋದರು. ಬೆಳಗ್ಗೆ ಆಸ್ಪತ್ರೆಯವರು ಫೋನ್ ಮಾಡಿದಾಗ ಆಂಟಿ ನಿಲ್ದಾಣದಲ್ಲಿ, ಎರಡನೆಯ ಬಸ್ಸಿಗೆ ಕಾಯುತ್ತ, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರಂತೆ. ನನಗೆ ಗೊತ್ತು, ಆ ಬೊಟ್ಟನ್ನು ಎಣಿಸಿದ್ದರೂ ಆ ಬಸ್ಸು ಅಷ್ಟರೊಳಗೆ ಬರುತ್ತಿರಲಿಲ್ಲ. ನಾವು ಬೇಡಿದ್ದು ಮಂತ್ರಿಗಳ ಮೇಜಿನಿಂದ ರಸ್ತೆಗಿಳಿಯಲು ವರ್ಷಗಳೇ ಬೇಕು, ಇಳಿದರೆ. ಈ ಸಮಾಧಾನವನ್ನು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೆ ನನ್ನ ದುಃಖ ಬಸ್ಸಿನದಲ್ಲ. ಒಬ್ಬರು ಹಣೆಯಿಂದ ಕಿತ್ತು ಕೊಟ್ಟದ್ದನ್ನು ನಾನು ಬಿದ್ದದ್ದು ಎಂದೆನಲ್ಲ, ಅದರದು.

ರಶ್ಮಿಗೆ ಅಡಿಲೇಡ್‌ನಲ್ಲಿ ಕೆಲಸ ಸಿಕ್ಕಿ ತಾಯಿಯನ್ನು ಕರೆದುಕೊಂಡು ಹೋದಳು. ಈಚೆಗೆ ತರಬೇತಿಯೊಂದಕ್ಕೆ ಅಡಿಲೇಡ್‌ಗೆ ಹೋದವಳು ಅವರ ಮನೆಗೂ ಹೋಗಿದ್ದೆ. ಕೈ ತೊಳೆಯಲೆಂದು ಬಚ್ಚಲುಮನೆಗೆ ಹೋದರೆ ಕನ್ನಡಿ ಕಲೆಯಿಲ್ಲದೆ ಹೊಳೆಯುತ್ತಿತ್ತು. 

ಕಾಫಿ ಕೊಟ್ಟು ಎದುರಿಗೆ ಕುಳಿತ ಆಂಟಿ ತಾವಾಗಿಯೇ ಮಾತು ತೆಗೆದರು. "ರಶ್ಮಿ ಬೊಟ್ಟಿಟ್ಕೋ ಅಂತಾಳೆ, ಕೈ ಏಳಲ್ಲಮ್ಮ. ಅವತ್ತು ನಾನೇ ಕಿತ್ತು ಅಂಟಿಸ್ದೆನಲ್ಲ, ಅದಕ್ಕೇ ಹೀಗಾಯ್ತೇನೋ ಅಂತ ಒಂದೊಂದ್ಸಲ ಅನ್ಸುತ್ತೆ. ಹೇಳಿದ್ರೆ ಇವಳು ಬೈತಾಳೆ. ಹೋಗ್ಲಿ, ಬಸ್ಸಿನ ಲೆಕ್ಕಕ್ಕಾದ್ರೂ ಸೇರ್ತಲ್ಲ, ನಾಳೆ ಇನ್ಯಾರೋ ಬೇಗ ಆಸ್ಪತ್ರೆ ಮುಟ್ತಾರೆ ಅಂತ ಸಮಾಧಾನ ಮಾಡ್ಕೋತೀನಿ." ನನ್ನ ಮುಖ ನೋಡಿ, "ಸೇರ್ತು ತಾನೆ?" ಎಂದರು.

"ಸೇರ್ತು ಆಂಟಿ" ಎಂದೆ. ಮೊದಲ ಸುಳ್ಳನ್ನು ಹೆದರಿಕೆಯಿಂದ ಹೇಳಿದ್ದೆ, ಎರಡನೆಯದನ್ನು ಪ್ರೀತಿಯಿಂದ ಹೇಳಿದೆ. ಯಾವುದು ಹೆಚ್ಚು ಪಾಪವೋ ನನಗೆ ತಿಳಿಯದು, ನಿಮಗೆ ತಿಳಿದರೂ ಹೇಳಬೇಡಿ.

ಹೋದ ವಾರ ಈ ವರ್ಷದ ಫಲಕಗಳನ್ನು ನಿಲ್ಲಿಸಿದೆವು. ಬಸ್ಸು ಮತ್ತೆ ಬಂದಿದೆ, ಈ ಸಲ ಎಡಗಡೆಯ ಮೊದಲನೆಯ ಫಲಕವಾಗಿ. ಅಷ್ಟು ಮಾತ್ರ ನನ್ನ ಕೈಯಲ್ಲಿತ್ತು. ನೌಕರರು ಚುಕ್ಕೆ ಹಾಕುವಂತಿಲ್ಲ. ಬಾಗಿಲು ತೆರೆಯುವ ಮುಂಚೆ, ಭವನದಲ್ಲಿ ಯಾರೂ ಇಲ್ಲದಾಗ, ಡೈರಿಯಿಂದ ಬೊಟ್ಟನ್ನು ಬಿಡಿಸಿ ಬಸ್ಸಿನ ಕೆಳಗೆ ಅಂಟಿಸಿದೆ. ಅಂಟು ಒಣಗಿ ಹೋಗಿತ್ತು. ಬೆರಳು ತೆಗೆದರೆ ಬೀಳುತ್ತಿತ್ತು. ಹಾಗೆ ಒತ್ತಿ ಹಿಡಿದು ನಿಂತಿದ್ದಾಗ ಹಿಂದಿನಿಂದ ಹೆಲೆನ್ ಬಂದಳು, ಅದೇ ಪ್ರಶ್ನೆ ಕೇಳಿದಳು. ಈ ಸಲ ಎಲ್ಲವನ್ನೂ ಹೇಳಿದೆ: ಆರು ಫಲಕ, ಐದು ಚುಕ್ಕೆ, ಬಡಿಸಿದ ಕೈ, ಹಣೆ, ಅಂಕಲ್, ಡಬ್ಬಿ, ಪರ್ತ್‌ನ ಮುದುಕರ ಮಾತು ಸಹ.

ಹೆಲೆನ್ ಬಗ್ಗಿ ನನ್ನ ಬೆರಳಡಿಯ ಬೊಟ್ಟನ್ನು ನೋಡಿದಳು. ಆಮೇಲೆ, "ಅವತ್ತೇ ಯಾಕೆ ಹೇಳಲಿಲ್ಲ? ದೀಪಗಳ ಮೇಲಿದ್ದ ಆಕೆಯ ಚುಕ್ಕೆಯನ್ನು ತೆಗೆದು ಇದನ್ನು ಎಣಿಸುತ್ತಿದ್ದೆನಲ್ಲ" ಎಂದಳು. ಎಂದು, ಬಾಗಿಲು ತೆರೆಯಲು ಹೋದಳು.

ಜನ ಒಳಗೆ ಬರತೊಡಗಿದರು. ನಾನು ಫಲಕಕ್ಕೆ ಬೆರಳೊತ್ತಿಕೊಂಡು ನಿಂತೇ ಇದ್ದೆ.