ಸರಿಯಾಗಿ ಹೆದರಿಸದ ಸದ್ದು

ಬಾಗಿಲು ಸ್ವಲ್ಪ ಜೋರಾಗಿ ಹಾಕಿಕೊಂಡರೂ ಬೆಚ್ಚಿಬೀಳುವ ಹೆಂಗಸು ಅವಳು. ದಿನವಿಡೀ ರಿವಾಲ್ವರ್ ಹಾರಿಸುವ ಕೋಣೆಯಲ್ಲಿ ಕೆಲಸ ಸಿಕ್ಕಿದ್ದೂ ಅವಳಿಗೇ. ಎಲ್ಲರೂ ಅವಳನ್ನು ಪುಕ್ಕಲಕ್ಕ ಎನ್ನುತ್ತಿದ್ದರು, ಅವಳೂ ಆ ಹೆಸರಿಗೇ ಓಗೊಡುತ್ತಿದ್ದಳು. ಅವಳನ್ನು ಆ ಕೋಣೆಗೆ ಕರೆತಂದವಳು ನಾನು.

ನನ್ನ ಕೆಲಸ ಗುಂಡುಗಳ ಮೇಲೆ ನಳಿಗೆ ಮೂಡಿಸುವ ಗೀರು ನೋಡುವುದು. ಪೊಲೀಸರು ಒಂದು ಗುಂಡು ತರುತ್ತಾರೆ, ಒಂದು ರಿವಾಲ್ವರ್ ತರುತ್ತಾರೆ. ಅದು ಇದರಿಂದಲೇ ಹಾರಿದ್ದೋ ಅಲ್ಲವೋ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳಬೇಕು. ಒಂದು ಸಲ ಕೋರ್ಟಿನಲ್ಲಿ ವಕೀಲನೊಬ್ಬ, ‘ಈ ರಿವಾಲ್ವರ್ ಸಿಗೋ ಹೊತ್ತಿಗೆ ಅದರಿಂದ ಇನ್ನೂ ಎಷ್ಟು ಗುಂಡು ಹಾರಿತ್ತೋ ಏನೋ. ನಳಿಗೆ ಸವೆದು ಗೀರು ಬದಲಾಗಿಲ್ಲ ಅಂತ ಹೇಗೆ ಹೇಳ್ತೀರಾ?’ ಎಂದ. ನಾನು ತಬ್ಬಿಬ್ಬಾದೆ. ನನಗೆ ಮೊದಲೇ ಮೂಗಿನ ಮೇಲೆ ಕೋಪ. ಮನೆಗೆ ಬಂದವಳೇ, ಸಣ್ಣ ಸಣ್ಣ ಸಂಶೋಧನೆಗೆ ಹಣ ಕೊಡುವ ನಮ್ಮ ಪರೀಕ್ಷಕರ ಸಂಘಕ್ಕೆ ಅರ್ಜಿ ಹಾಕಿದೆ. ಒಂದೇ ನಳಿಗೆಯಿಂದ ಗುಂಡು ಹಾರಿಸುತ್ತಾ ಹೋಗಿ, ಮೊದಲ ಗುಂಡಿನ ಗೀರು ಕೊನೆಯದರಲ್ಲೂ ಉಳಿಯುತ್ತದೆಯೇ ಎಂದು ನೋಡುತ್ತೇನೆ ಎಂದು ಬರೆದೆ.

ಹಣ ಬಂತು. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ತೋಟಾಗಳಿಗೆ ಸಾಕು, ಒಬ್ಬ ಸಹಾಯಕಿಯ ಸಂಬಳಕ್ಕೆ ಸಾಕು. ಗುಂಡು ಹಾರಿಸುವ ಯಂತ್ರಕ್ಕೆ ಇಲ್ಲ. ಹಾಗಾಗಿ ಯಂತ್ರ ನಾನೇ ಆದೆ. ಆ ಕೋಣೆಯಲ್ಲಿ ಒಬ್ಬರೇ ಇರಕೂಡದು ಎಂಬುದು ನಿಯಮ, ಅದಕ್ಕೇ ಸಹಾಯಕಿ. ನಾನು ದೊಡ್ಡ ನೀರಿನ ತೊಟ್ಟಿಯೊಳಕ್ಕೆ ಗುಂಡು ಹಾರಿಸಬೇಕು, ಅವಳು ಉದ್ದನೆಯ ಕೋಲಿನ ತುದಿಗೆ ಮೇಣ ಮೆತ್ತಿ ತಳದಿಂದ ಗುಂಡು ಎತ್ತಿ, ಒರೆಸಿ, ಡಬ್ಬಿಗೆ ಹಾಕಬೇಕು.

‘ಸದ್ದಿಗೆ ಹೆದರ್ತೀರಾ?’ ಎಂದು ಮೊದಲ ದಿನವೇ ಕೇಳಿದ್ದೆ.

‘ಅಯ್ಯೋ, ಇಲ್ಲ ಮೇಡಂ’ ಎಂದಳು. ಅದೇ ಗಳಿಗೆಗೆ ಪಕ್ಕದ ಕೋಣೆಯಲ್ಲಿ ಯಾರೋ ಸ್ಟೀಲ್ ತಟ್ಟೆ ಬೀಳಿಸಿದರು. ನೋಡಿದರೆ ನನ್ನ ರಟ್ಟೆ ಅವಳ ಎರಡೂ ಕೈಯಲ್ಲಿತ್ತು. ಆ ಸಂಬಳಕ್ಕೆ ಬೇರೆ ಯಾರೂ ಬಂದಿರಲಿಲ್ಲ, ಸೇರಿಸಿಕೊಂಡೆ.

ಅವಳ ಗಂಡ ಟೈರ್ ಅಂಗಡಿಯಲ್ಲಿ ಗಾಳಿ ತುಂಬುತ್ತಿದ್ದವನು. ಒಂದು ದಿನ ಅವಳು ಊಟದ ಡಬ್ಬಿ ಹಿಡಿದು ಅಂಗಡಿಯ ಮುಂದಿನ ರಸ್ತೆ ದಾಟುತ್ತಿದ್ದಾಗ ಅವನು ಗಾಳಿ ತುಂಬುತ್ತಿದ್ದ ಲಾರಿಯ ಟೈರ್ ಸಿಡಿಯಿತು. ಗಂಡನ ಜೀವ ಉಳಿಯಿತು, ಎರಡೂ ಕಿವಿ ಹೋದವು, ಬಲಗೈ ಮತ್ತೆ ಕೆಲಸಕ್ಕೆ ಬರಲಿಲ್ಲ. ಅಂದಿನಿಂದ ಮನೆ ನಡೆಯುವುದು ಅವಳ ದುಡಿಮೆಯಲ್ಲೇ. ಕುಕ್ಕರ್ ಕೂಗುವ ಮುಂಚೆಯೇ ಒಲೆ ಆರಿಸುತ್ತಾಳಂತೆ, ಅನ್ನ ದಿನಾ ಅರೆಬೆಂದದ್ದೇ. ‘ಅವರಿಗೆ ಈಗ ಯಾವ ಸದ್ದೂ ಕೇಳ್ಸಲ್ಲ ಮೇಡಂ, ಆರಾಮಾಗಿದಾರೆ. ಅವರ ಪಾಲಿಂದೂ ಸೇರಿಸಿ ನಾನೇ ಹೆದರ್ತೀನಿ’ ಎಂದು ನಗುತ್ತಾ ಹೇಳಿದ್ದಳು.

ಕಿವಿಗೆ ದಪ್ಪ ಮುಚ್ಚಳ, ಅದರ ಮೇಲೆ ತನ್ನ ಅಂಗೈ. ಇಷ್ಟಾದರೂ ಪ್ರತಿ ಗುಂಡಿಗೂ ಅವಳ ಭುಜ ಕಿವಿಯವರೆಗೆ ಹಾರುತ್ತಿತ್ತು. ಎಷ್ಟೋ ಸಲ ಕೋಲು ಕೈಜಾರಿ ತೊಟ್ಟಿಗೆ ಬಿದ್ದಿದೆ. ‘ಅಕ್ಕಾ, ಗುಂಡು ಹೋಗ್ತಿರೋದು ಆ ಕಡೆಗೆ, ನಿಮ್ಮ ಕಡೆಗಲ್ಲ’ ಎಂದು ರೇಗಿಸಿದರೆ, ‘ಗೊತ್ತು ಮೇಡಂ. ಇದಕ್ಕೆ ಗೊತ್ತಾಗ್ಬೇಕಲ್ಲ’ ಎಂದು ಎದೆ ತಟ್ಟಿಕೊಳ್ಳುತ್ತಿದ್ದಳು.

ಇದು ನಮ್ಮ ಸಾಹೇಬರ ಕಣ್ಣಿಗೆ ಬಿತ್ತು. ‘ಆಯಮ್ಮನ್ನ ಬದಲಾಯಿಸಿ. ಅಂಥ ಕೋಣೇಲಿ ಹೀಗೆ ಹಾರಿಬೀಳೋರು ಇದ್ರೆ ಪಕ್ಕದಲ್ಲಿರೋರಿಗೂ ಅಪಾಯ. ಶುಕ್ರವಾರ ನಾನೇ ಬಂದು ನೋಡ್ತೀನಿ’ ಎಂದರು. ಬಾಗಿಲಲ್ಲಿ ಡಬ್ಬಿಗಳನ್ನು ಹಿಡಿದು ನಿಂತಿದ್ದ ಪುಕ್ಕಲಕ್ಕನಿಗೆ ಎಲ್ಲವೂ ಕೇಳಿಸಿತು. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ.

‘ಈ ಕೆಲಸ ಹೋದ್ರೆ ನಂಗೆ ಬೇರೆ ಗತಿ ಇಲ್ಲ ಮೇಡಂ. ನಾನು ಅಲ್ಲಾಡಲ್ಲ. ನೋಡ್ತಿರಿ’ ಎಂದಳು.

ಶುಕ್ರವಾರ ಸಾಹೇಬರು ಬಂದು ಗಾಜಿನ ಕಿಟಕಿಯ ಆಚೆ ಕೈಕಟ್ಟಿ ನಿಂತರು. ಒಳಗೆ ನಾನು ಹಾರಿಸುತ್ತಾ ಹೋದೆ. ನಡುವೆ ಒಮ್ಮೆ ತಿರುಗಿ ನೋಡಿದರೆ ಪುಕ್ಕಲಕ್ಕ ಮೇಜಿನ ಅಂಚನ್ನು ಬೆರಳು ಬಿಳಚುವಷ್ಟು ಬಿಗಿಯಾಗಿ ಹಿಡಿದು, ಏಪ್ರನ್ನಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ನಿಂತಿದ್ದಾಳೆ. ಭುಜ ಅಲ್ಲಾಡುತ್ತಿಲ್ಲ, ಕಣ್ಣಲ್ಲಿ ಮಾತ್ರ ನೀರು ಇಳಿಯುತ್ತಿದೆ. ಬೇಗ ಮುಗಿಸಿಬಿಡೋಣ ಎಂದು ಕೈ ಚುರುಕು ಮಾಡಿದೆ. ಬೆಳಗಿನಿಂದ ಹಾರಿಸಿ ಹಾರಿಸಿ ಮೊಣಕೈವರೆಗೆ ಜೋಮು ಹಿಡಿದಿತ್ತು, ಕಿವಿಯಲ್ಲಿ ಹತ್ತಿ, ಅದರ ಮೇಲೆ ಮುಚ್ಚಳ. ಒಂದು, ಇನ್ನೊಂದು, ಮತ್ತೊಂದು.

ಹಿಂದಿನಿಂದ ಯಾರೋ ನನ್ನ ಕಿವಿಯ ಮುಚ್ಚಳವನ್ನು ಕಿತ್ತೆಸೆದರು.

‘ಲೇ ಹುಡುಗಿ, ಬೇಡ್ವೇ! ತೆಗಿ ಬೆರಳು! ತೆಗಿಯೇ!’

ಪುಕ್ಕಲಕ್ಕನ ಬಾಯಲ್ಲಿ ಅಂಥ ಕಿರುಚಾಟ ನಾನು ಕೇಳಿರಲಿಲ್ಲ. ಬೆರಳು ತೆಗೆದೆ. ಸಾಹೇಬರು ಬಾಗಿಲು ತಳ್ಳಿಕೊಂಡು ಒಳಗೆ ಬಂದರು. ‘ಏನಮ್ಮಾ ಇದು? ರಿವಾಲ್ವರ್ ಹಿಡಿದೋರ ಮೈಮೇಲೆ ಬೀಳ್ತೀಯಲ್ಲ, ತಲೆ ಕೆಟ್ಟಿದ್ಯಾ?’

ಪುಕ್ಕಲಕ್ಕ ಗೋಡೆಗೆ ಅಂಟಿಕೊಂಡು ಗಡಗಡ ನಡುಗುತ್ತಿದ್ದಳು. ‘ಸಾರ್, ಅದು... ಅದು ಸರಿಯಾಗಿ ಹೆದರಿಸ್ಲಿಲ್ಲ ಸಾರ್.’

‘ಏನು?’

‘ಎಲ್ಲಾ ಗುಂಡೂ ಹೆದರಿಸುತ್ತೆ. ಹಲ್ಲು ಕಚ್ಕೊಂಡು ತಡ್ಕೊಂಡು ನಿಂತಿದ್ದೆ. ಇದೊಂದು ಬಂತು, ಹೆದರಿಕೇನೇ ಆಗ್ಲಿಲ್ಲ. ಅದಕ್ಕೇ ಹೆದರಿಕೆ ಆಗ್ಬಿಡ್ತು.’

ಸಾಹೇಬರು ನಕ್ಕುಬಿಟ್ಟರು. ನನಗೆ ಮಾತ್ರ ಎಲ್ಲಿಲ್ಲದ ಸಿಟ್ಟು. ಇವಳ ಕೆಲಸ ಉಳಿಸಲು ನಾನು ಒದ್ದಾಡುತ್ತಿದ್ದರೆ ಇವಳೇ ಕಾಲ ಮೇಲೆ ಕಲ್ಲು ಹಾಕಿಕೊಂಡಳಲ್ಲ ಎಂದು. ಏನೂ ಆಗಿಲ್ಲ ಎಂದು ತೋರಿಸಲೆಂದೇ ರಿವಾಲ್ವರ್ ಬಿಚ್ಚಿ, ತೋಟಾಗಳನ್ನೆಲ್ಲ ಮೇಜಿಗೆ ಸುರಿದು, ನಳಿಗೆಯೊಳಗೆ ತೆಳ್ಳನೆಯ ಮರದ ಕಡ್ಡಿ ತೂರಿಸಿದೆ. ಕಡ್ಡಿ ಅರ್ಧಕ್ಕೇ ನಿಂತಿತು.

ಇನ್ನೊಮ್ಮೆ ತೂರಿಸಿದೆ. ಅಲ್ಲೇ ನಿಂತಿತು.

ಒಂದು ತೋಟಾದಲ್ಲಿ ಮದ್ದೇ ಇರಲಿಲ್ಲ. ತೋಟಾದ ತಳದಲ್ಲಿನ ಕಿಡಿಯಷ್ಟೇ ‘ಟಪ್’ ಎಂದು ಗುಂಡನ್ನು ಅರ್ಧ ದಾರಿಗೆ ತಳ್ಳಿ ಕೈಬಿಟ್ಟಿತ್ತು. ಗುಂಡು ನಳಿಗೆಯ ನಡುವೆ ಕಚ್ಚಿಕೊಂಡು ಕೂತಿತ್ತು. ಅದರ ಹಿಂದೆಯೇ ಮುಂದಿನದನ್ನು ಹಾರಿಸಲು ನನ್ನ ಬೆರಳು ಅರ್ಧ ಒತ್ತಿಯಾಗಿತ್ತು. ಒತ್ತಿದ್ದರೆ ನಳಿಗೆ ನನ್ನ ಮುಖದ ಮುಂದೆ, ನನ್ನ ಕೈಯಲ್ಲೇ ಸಿಡಿಯುತ್ತಿತ್ತು.

ರಿವಾಲ್ವರನ್ನು ಮೇಜಿನ ಮೇಲಿಟ್ಟು ನೆಲದ ಮೇಲೆ ಕೂತುಬಿಟ್ಟೆ. ಸಾಹೇಬರ ನಗು ಯಾವಾಗ ನಿಂತಿತೋ ನೋಡಲಿಲ್ಲ. ‘ನೀವು ಇರಿಯಮ್ಮ, ನಿಮ್ಮನ್ನ ಯಾರೂ ಬದಲಾಯಿಸಲ್ಲ’ ಎಂದು ಅವರು ಮೆಲ್ಲಗೆ ಹೇಳಿದ್ದು ಮಾತ್ರ ಕೇಳಿಸಿತು.

ಪುಕ್ಕಲಕ್ಕ ಏಪ್ರನ್ ಬಿಚ್ಚಿ ಮಡಚಿ ಮೇಜಿನ ಮೇಲಿಟ್ಟಳು. ‘ಬೇಡ ಸಾರ್. ಇನ್ನು ನನ್ನ ಕೈಲಾಗಲ್ಲ’ ಎಂದು ಹೊರಟೇಹೋದಳು.

ಎರಡು ದಿನ ರಜೆ ಇತ್ತು. ಕಣ್ಣು ಮುಚ್ಚಿದರೆ ಸಾಕು, ಆ ಕಡ್ಡಿ ನಳಿಗೆಯಲ್ಲಿ ಅರ್ಧಕ್ಕೇ ನಿಲ್ಲುತ್ತಿತ್ತು. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದೆಂದರೆ ಇದೇ, ನಾನಂತೂ ನನ್ನನ್ನೇ ತಳ್ಳಿಕೊಂಡಿದ್ದೆ. ಹಣ ವಾಪಸ್ ತೊಗೊಳ್ಳಿ ಎಂದು ಸಂಘಕ್ಕೆ ಹೇಳಿಬಿಡೋಣ, ಗೀರು ಉಳಿದರೇನು ಅಳಿದರೇನು ಎನಿಸಿತು.

ಸೋಮವಾರ ಆ ಕೋಣೆಯ ಮುಂದೆ ಹೋಗಿ ನಿಂತೆ. ಶಸ್ತ್ರ ರಿಪೇರಿಯವನು ಶುಕ್ರವಾರ ಸಂಜೆಯೇ ಗುಂಡನ್ನು ಹೊರಕ್ಕೆ ತಳ್ಳಿ, ನಳಿಗೆಗೆ ಏನೂ ಆಗಿಲ್ಲ ಎಂದು ಹೇಳಿ ಹೋಗಿದ್ದ. ಹೊಸ ತೋಟಾಗಳೂ ಬಂದಿದ್ದವು. ಬಾಗಿಲಿನ ಹಿಡಿಗೆ ಕೈ ಹಾಕಲು ಮಾತ್ರ ನನಗೆ ಆಗಲಿಲ್ಲ. ಅಷ್ಟರಲ್ಲಿ ಪುಕ್ಕಲಕ್ಕ ಊಟದ ಡಬ್ಬಿ ಹಿಡಿದು ಬಂದಳು.

‘ಬರಲ್ಲ ಅಂದಿದ್ರಲ್ಲಕ್ಕಾ?’

‘ಅಂದಿದ್ದೆ ಮೇಡಂ. ಮನೇಲಿ ಕೂತ್ರೆ ಇಲ್ಲಿನ ಸದ್ದು ಕೇಳ್ಸಲ್ವಲ್ಲ. ಸರಿಯಾಗಿ ಬಂತೋ ಇಲ್ವೋ ಅಂತ ಹೇಗೆ ಗೊತ್ತಾಗ್ಬೇಕು?’ ಎಂದಳು. ಡಬ್ಬಿಯನ್ನು ಇನ್ನೊಂದು ಕೈಗೆ ಬದಲಿಸಿ, ‘ಅವತ್ತು ಅವರು ಟೈರಿನ ಹತ್ರ ಇದ್ದಾಗ ನಾನು ಹೊರಗಡೆ ಇದ್ದೆ’ ಎಂದಳು.

ನಾನು ಬಾಗಿಲಿನ ಹಿಡಿ ತಿರುಗಿಸಿದೆ. ಇಬ್ಬರೂ ಒಳಗೆ ಹೋದೆವು. ಅವಳು ಮೇಜಿನ ಮೇಲಿದ್ದ ಏಪ್ರನ್ ಕಟ್ಟಿಕೊಂಡು, ಶುಕ್ರವಾರದಂತೆ ಅದರ ತುದಿಯನ್ನು ಬಾಯಿಗೆ ಕೊಂಡೊಯ್ದಳು.

‘ಅದನ್ನ ಬಿಡಿ. ತಡ್ಕೋಬೇಡಿ ಅಕ್ಕಾ’ ಎಂದೆ. ‘ಹೆದರಿ. ನಿಮ್ಮ ದಮ್ಮಯ್ಯ, ಚೆನ್ನಾಗಿ ಹೆದರಿ.’

ರಿವಾಲ್ವರ್ ತೊಟ್ಟಿಗೆ ಗುರಿಯಿಟ್ಟು ಒತ್ತಿದೆ. ಹಿಡಿತ ಸಡಿಲಿಸದೆ ಕತ್ತು ಮಾತ್ರ ತಿರುಗಿಸಿ ಅವಳನ್ನು ನೋಡಿದೆ. ಅವಳ ಭುಜ ಕಿವಿಯವರೆಗೆ ಹಾರಿತ್ತು, ಕೋಲು ತೊಟ್ಟಿಗೆ ಬಿದ್ದಿತ್ತು. ಆಮೇಲೆ ನಾನು ಮುಂದಿನ ಗುಂಡಿಗೆ ಬೆರಳಿಟ್ಟೆ.