ನೆಂಟರ ದಿನದ ಮೊಟ್ಟೆ

ಸೌಟು ಪಾತ್ರೆಯ ತಳ ಕೆರೆಯುವ ಸದ್ದು ಬಾಗಿಲಾಚೆಗೇ ಕೇಳಿಸಿತು. ಚಪ್ಪಲಿ ಬಿಡುತ್ತಿದ್ದ ತಕ್ಕಡಿ ಅಕ್ಕ ಕಿವಿಗೊಟ್ಟಳು. ನಿನ್ನೆ ಈ ಮನೆಯಲ್ಲಿ ಆ ಸದ್ದಿರಲಿಲ್ಲ.

ಅವಳು ಪೋಷಣಾ ವಿಜ್ಞಾನದ ಎಂ.ಎಸ್ಸಿ. ವಿದ್ಯಾರ್ಥಿನಿ. ವಿಭಾಗದ ಗೋಡೆಯ ಮೇಲೆ 'ಸಂಶೋಧನೆಗೆ ಸದವಕಾಶ' ಎಂದು ಅಂಟಿಸಿದ್ದನ್ನು ಕಂಡು ಎಲ್ಲರಿಗಿಂತ ಮೊದಲು ಓಡಿದವಳು. ಸದವಕಾಶವೆಂದರೆ ಮಿಲ್ಲಿನ ಹಿಂದಿನ ಬೀದಿಯಲ್ಲಿ ಮನೆಮನೆಗೆ ತಕ್ಕಡಿ ಹೊತ್ತು ಹೋಗಿ, ಮಕ್ಕಳ ತಟ್ಟೆಗೆ ಬಿದ್ದದ್ದನ್ನೂ ತಟ್ಟೆಯಲ್ಲಿ ಉಳಿದದ್ದನ್ನೂ ತೂಗುವುದು. ತಕ್ಕಡಿ ಅಕ್ಕ ಎಂದು ಹೆಸರಿಟ್ಟದ್ದು ಆ ಮಕ್ಕಳೇ. ಕೆಲಸ ಒಪ್ಪಿಗೆಯಾದರೆ ಮುಂದಿನ ವರ್ಷ ಪಿಎಚ್.ಡಿ. ಸೀಟು ಎಂದು ಪ್ರೊಫೆಸರ್ ಹೇಳಿದ್ದರು. ಆ ಸೀಟಿನ ಮೇಲೆ ಅವಳು ಜೀವವನ್ನೇ ಇಟ್ಟುಕೊಂಡಿದ್ದಳು.

ನಿನ್ನೆ, ಮೊದಲೇ ತಿಳಿಸಿ ಬಂದಾಗ, ಎಲ್ಲ ಮನೆಗಳಲ್ಲೂ ಹಾಲು, ಹಣ್ಣು, ಮೊಟ್ಟೆ. ಇವತ್ತು ಹೇಳದೆ ಕೇಳದೆ ಬಂದಿದ್ದಳು. ಆ ಮನೆಯ ಹೊಲಿಗೆ ಕೆಲಸದ ತಾಯಿ ಅವಳನ್ನು ಕಂಡದ್ದೇ ಪಾತ್ರೆಗೆ ಮುಚ್ಚಳ ಹಾಕಿದಳು. ಒಳಗೆ ಇದ್ದದ್ದು ಬರೀ ಅನ್ನ, ಅದೂ ತಳದ್ದು.

"ನಿನ್ನೆ ನೀನು ಬರ್ತೀಯ ಅಂತ ಪಕ್ಕದ ಮನೇಲಿ ಕೇಳಿ ಮೊಟ್ಟೆ ತಂದಿದ್ದೆ ಕಣಮ್ಮ," ಎಂದಳು. "ಮಕ್ಕಳ ತಟ್ಟೇನ ಯಾರೋ ತೂಗ್ತಾರೆ ಅಂದ್ರೆ ಮಾನ ಬೇಡ್ವಾ? ಇವತ್ತೂ ಬರ್ತೀನಿ ಅಂತ ಒಂದು ಮಾತು ಹೇಳಬಾರದಿತ್ತಾ?"

ಅವಳ ಚಿಕ್ಕ ಮಗಳು ಅಕ್ಕನ ಕೈ ಎಳೆದು, ದಿನಾ ಬಾ, ಆದರೆ ಹೇಳಿಯೇ ಬಾ ಎಂದು ಗುಟ್ಟಾಗಿ ಕೇಳಿಕೊಂಡಳು. ತಾಯಿ ನಕ್ಕಳು. ತಕ್ಕಡಿ ಅಕ್ಕನಿಗೆ ನಗು ಬರಲಿಲ್ಲ. ಉಳಿದ ಮನೆಗಳ ಕಥೆಯೂ ಅದೇ ಆಗಿತ್ತು.

ಇದು ಹೊಸ ಸಂಗತಿಯೇನಲ್ಲ. ವಿಭಾಗದಲ್ಲಿ ಮೊದಲ ದಿನಕ್ಕೆ 'ನೆಂಟರ ದಿನ' ಎಂದೇ ಹೆಸರು. ಆ ದಿನದ ತೂಕವನ್ನು ಲೆಕ್ಕಕ್ಕೆ ಹಿಡಿಯಬಾರದು ಎಂದು ತರಗತಿಯಲ್ಲಿ ಮೇಜು ಕುಟ್ಟಿ ಕಲಿಸಿದವರು ಇದೇ ಪ್ರೊಫೆಸರ್. ಈಗ ಅವಳು ಎರಡೂ ದಿನದ ತೂಕವನ್ನು ಅವರ ಕೋಣೆಗೆ ಒಯ್ದು ಮುಂದಿಟ್ಟಾಗ ಅವರೇ, ಮೊದಲ ದಿನದ್ದು ಸಾಕು, ಎರಡನೆಯದನ್ನು ಬಿಟ್ಟುಬಿಡು ಎಂದರು. ನಗರಸಭೆಗೆ ಶಾಲಾ ಮಕ್ಕಳ ಹಾಲು ನಿಲ್ಲಿಸಬೇಕಾಗಿತ್ತು. ಮಕ್ಕಳು ಮನೆಯಲ್ಲೇ ಚೆನ್ನಾಗಿ ಉಣ್ಣುತ್ತಾರೆ ಎಂಬ ವರದಿ ಬಂದರೆ ಕೆಲಸ ಸಲೀಸು. ವಿಭಾಗಕ್ಕೆ ಹೊಸ ಪ್ರಯೋಗಾಲಯವೂ ಸಿಗುತ್ತಿತ್ತು.

ಮಾನಕ್ಕಂಜಿ ಬೇಯಿಸಿದ ಒಂದು ಮೊಟ್ಟೆಯನ್ನು ಹಿಡಿದು ಮಕ್ಕಳ ಬಾಯಿಂದ ಹಾಲು ಕಿತ್ತುಕೊಳ್ಳುವುದಕ್ಕೆ ವಿಜ್ಞಾನ ಬೇರೆ ಬೇಕೇ?

"ಸರ್, ಆ ಮೊಟ್ಟೆ ಬೇಯಿಸಿದ್ದು ಮಕ್ಕಳಿಗಲ್ಲ, ನನ್ನ ತಕ್ಕಡಿಗೆ."

"ಭಾವುಕಳಾಗಬೇಡಮ್ಮ."

"ನೆಂಟರ ದಿನ ಅಂತ ಹೇಳಿಕೊಟ್ಟಿದ್ದು ನೀವೇ ಅಲ್ವಾ?"

ಪಾಠ ಬೇರೆ, ವರದಿ ಬೇರೆ ಎಂದರು ಅವರು. ಸೀಟಿಗೆ ಕಾದು ಕುಳಿತವರು ಬೇಕಾದಷ್ಟು ಜನ ಇದ್ದಾರೆ ಎಂದೂ ಸೇರಿಸಿದರು.

"ಅವರಲ್ಲೇ ಒಬ್ಬರಿಗೆ ಕೊಡಿ ಸರ್. ಎರಡನೇ ದಿನದ ತೂಕ ಹಿಡ್ಕೊಂಡು ನಗರಸಭೆಗೆ ನಾನೇ ಹೋಗ್ತೀನಿ."

"ನಿನ್ನ ಮಾತು ಅಲ್ಲಿ ಯಾರು ಕೇಳ್ತಾರೆ? ಕೂತ್ಕೋ. ಸಂಶೋಧನೆ ಅಂದ್ರೆ ಸ್ವಲ್ಪ ಹೊಂದ್ಕೊಂಡು ಹೋಗ್ಬೇಕಾಗುತ್ತೆ, ನಾನೂ ನಿನ್ನ ವಯಸ್ಸಲ್ಲಿ..."

ಅವರ ವಯಸ್ಸಿನ ಕಥೆ ಮುಂದೆ ಏನಾಯಿತೋ ಅವಳು ಕೇಳಲಿಲ್ಲ. ಅಷ್ಟರಲ್ಲಿ ಮೆಟ್ಟಿಲಿಳಿಯುತ್ತಿದ್ದಳು.