ಪಕ್ಕದ ಮನೆಯ ಎನೆ

ಕಳೆದ ವಾರ ಮಗಳ ಶಾಲೆಯ ಕಾರ್ಯಕ್ರಮಕ್ಕೆಂದು ಶಂಕರಪೋಳಿ ಕರಿಯುತ್ತಿದ್ದೆ. ಮೊದಲ ತುಂಡುಗಳು ಎಣ್ಣೆಯಲ್ಲಿ ಉಬ್ಬಿ ಮೇಲೆದ್ದವು. ಆ ಘಮ ಏಳುತ್ತಿದ್ದಂತೆ ನನ್ನ ಕೈ ತಾನಾಗಿಯೇ ಒಲೆಯ ಮೇಲಿನ ಫ್ಯಾನ್ ಆರಿಸಿ ಕಿಟಕಿ ತೆರೆದುಬಿಟ್ಟಿತು. ಯಾಕೆ ಹಾಗೆ ಮಾಡಿದೆನೆಂದು ಒಂದು ಗಳಿಗೆ ನನಗೇ ತಿಳಿಯಲಿಲ್ಲ. ಆಮೇಲೆ ನೆನಪಾಯಿತು... ಅದು ನನ್ನ ಅಭ್ಯಾಸವಲ್ಲ, ಪಕ್ಕದ ಮನೆಯ ಅಜ್ಜಿಯದು.

ಟೋಕಿಯೋದ ಕೋಟೋ ವಾರ್ಡಿನ ಈ ಹದಿನಾಲ್ಕನೇ ಮಹಡಿಗೆ ನಾವು ಬಂದಾಗ ಪಕ್ಕದ ಫ್ಲ್ಯಾಟಿನಲ್ಲಿ ತುರ್ಕ್‌ಮೆನಿಸ್ತಾನದ ಒಂದು ಕುಟುಂಬವಿತ್ತು. ಗಂಡ ಮಿನಾಟೋದ ಯಾವುದೋ ಕಂಪನಿಯಲ್ಲಿದ್ದ. ಹೆಂಡತಿ ಜಪಾನಿನಲ್ಲೇ ಓದಿದವಳು. ಅವರ ಮಗಳು, ನನ್ನ ಮಗಳು ಒಂದೇ ತರಗತಿ. ಸೊಸೆಯ ಎರಡನೇ ಹೆರಿಗೆಗೆಂದು ಅಜ್ಜಿ ಮೂರು ತಿಂಗಳ ಮಟ್ಟಿಗೆ ಬಂದಿದ್ದರು. ಅಷ್ಟರಲ್ಲಿ ಕೊರೋನಾ ಬಂತು. ಅವರ ದೇಶ ಗಡಿ ಮುಚ್ಚಿತು, ವಿಮಾನಗಳು ನಿಂತವು. ಮೂರು ತಿಂಗಳು ಎರಡೂವರೆ ವರ್ಷವಾಯಿತು.

ಮೊಮ್ಮಗಳು ಅವರನ್ನು "ಎನೆ" ಎನ್ನುತ್ತಿದ್ದಳು. ಅವರ ಭಾಷೆಯಲ್ಲಿ ಅಜ್ಜಿ ಎಂದರ್ಥ. ನಮಗೆ ಅದು ಗೊತ್ತಿರಲಿಲ್ಲ. ಬಾಲ್ಕನಿಯಿಂದ ಮೊದಲ ಸಲ ಆ ಕೂಗು ಕೇಳಿ ನನ್ನ ಗಂಡ, "ನೋಡೇ, ಆ ಪುಟ್ಟಿ ಅವರಜ್ಜೀನ ಏನೇ ಅಂತಿದಾಳೆ, ಫುಲ್ ಧೈರ್ಯ!" ಎಂದು ನಕ್ಕಿದ್ದರು. ಆಮೇಲೆ ನಮ್ಮ ಮನೆಯಲ್ಲೂ ಅವರು ಎನೆಯೇ ಆದರು.

ಎನೆಗೂ ನನಗೂ ಸಮಾನವಾಗಿ ಗೊತ್ತಿದ್ದ ಪದ ಒಂದೂ ಇರಲಿಲ್ಲ. ಶಾಲೆ ಮುಚ್ಚಿದ್ದರಿಂದ ಹುಡುಗಿಯರಿಬ್ಬರೂ ದಿನವಿಡೀ ಬಾಲ್ಕನಿಯಲ್ಲೇ ಇರುತ್ತಿದ್ದರು. ಎರಡು ಮನೆಗಳ ನಡುವಿನ ತೆಳು ಹಲಗೆಯ ಆಚೆ ಅವರು, ಈಚೆ ನಾವು. ಎನೆ ತಮ್ಮ ಭಾಷೆಯಲ್ಲಿ ಹೇಳಿದ್ದನ್ನು ಮೊಮ್ಮಗಳು ಜಪಾನಿ ಮಾಡುವಳು, ಅದನ್ನು ನನ್ನ ಮಗಳು ತನ್ನ ಅರ್ಧಂಬರ್ಧ ಕನ್ನಡಕ್ಕೆ ತರುವಳು. ದಾರಿಯಲ್ಲಿ ಎಷ್ಟು ಮಾತು ಸೋರಿಹೋಯಿತೋ...

ಮದುವೆಯಾದ ಹೊಸದರಲ್ಲಿ ಎನೆ ಮಾವನ ಎದುರು ತಲೆವಸ್ತ್ರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ತುಟಿ ಪಿಟಕ್ಕೆನ್ನದೆ ವರ್ಷಗಟ್ಟಲೆ ಇದ್ದರಂತೆ. ಅವರ ಕಡೆ ಸೊಸೆಯರ ಮರ್ಯಾದೆ ಅದು. ಕೆಳಗಿನ ರಸ್ತೆಯಲ್ಲಿ ಮಾಸ್ಕು ಹಾಕಿಕೊಂಡು ಸದ್ದಿಲ್ಲದೆ ನಡೆಯುವ ಜನರನ್ನು ನೋಡಿ ಒಂದು ದಿನ ಅವರು ಏನೋ ಹೇಳಿ ಗಹಗಹಿಸಿ ನಕ್ಕರು. ಮಗಳು ನನ್ನತ್ತ ತಿರುಗಿ ಹೇಳಿದಳು: "ಈಗ ಇಡೀ ಟೋಕಿಯೋನೇ ಹೊಸ ಸೊಸೆ ಅಂತೆ!"

ಮಗ ಮಾಡಿಕೊಟ್ಟ ಮರದ ಚೌಕಟ್ಟಿನಲ್ಲಿ ಅವರು ಚಾಪೆಯಗಲದ ಒಂದು ಕೆಂಪು ರತ್ನಗಂಬಳಿ ನೇಯುತ್ತಿದ್ದರು. ಅದರ ತುಂಬ ಎಂಟು ಮೂಲೆಯ ಒಂದೇ ಆಕೃತಿ ಸಾಲು ಸಾಲಾಗಿತ್ತು. ಅವರು ತೆಕೆ ಎಂಬ ಬುಡಕಟ್ಟಿನವರು. ಒಂದೊಂದು ಬುಡಕಟ್ಟಿಗೂ ಒಂದೊಂದು ಆಕೃತಿಯಂತೆ, ಗಂಬಳಿ ನೋಡಿದರೆ ಸಾಕು, ಯಾರ ಮನೆಯದೆಂದು ತಿಳಿಯುತ್ತಿತ್ತಂತೆ. ನನ್ನ ಮಗಳ ಅನುವಾದ ಇನ್ನೂ ಚಿಕ್ಕದು: "ಅಮ್ಮ, ಇದು ಅವರ ನೇಮ್‌ಪ್ಲೇಟ್."

ಪ್ರತಿ ಗುರುವಾರ ಸಂಜೆ ಮಾತ್ರ ಎನೆ ನೇಯುತ್ತಿರಲಿಲ್ಲ. ಅಂದು ಹಿಟ್ಟು ನಾದಿ, ನಮ್ಮ ಶಂಕರಪೋಳಿಯಂತೆಯೇ ವಜ್ರಾಕಾರಕ್ಕೆ ಕತ್ತರಿಸಿ ಎಣ್ಣೆಯಲ್ಲಿ ಬಿಡುತ್ತಿದ್ದರು. ಫ್ಯಾನ್ ಬಂದ್, ಕಿಟಕಿಗಳೆಲ್ಲ ಪೂರ್ತಿ ತೆರೆದಿರುತ್ತಿದ್ದವು. ಮೇಲಿನ ಮನೆಯವರು ದೂರು ಕೊಟ್ಟರು. ಮಗ ಹತ್ತಿ ಹೋಗಿ ಹತ್ತು ಸಲ ಸುಮಿಮಾಸೆನ್, ಕ್ಷಮಿಸಿ ಎಂದು ಹೇಳಿ ಬಂದು, ತಾಯಿಯ ಮೇಲೆ ರೇಗಿದ. ಎಲ್ಲದಕ್ಕೂ ತಲೆಯಾಡಿಸುತ್ತಿದ್ದ ಆಕೆ ಇದೊಂದಕ್ಕೆ ಜಗ್ಗಲಿಲ್ಲ. ಸತ್ತವರು ಆ ಸಂಜೆ ತಮ್ಮವರ ಮನೆ ಕಡೆ ಬರುತ್ತಾರೆ, ಕರಿದ ಹಿಟ್ಟಿನ ಪರಿಮಳವೇ ಅವರ ಊಟ ಎಂಬುದು ಅವರ ನಂಬಿಕೆ. ಫ್ಯಾನಿನ ಪೈಪಿನೊಳಗೆ ಹೋದ ಪರಿಮಳ ಅವರಿಗೆ ಹೇಗೆ ಸಿಕ್ಕೀತು ಎಂದು ಅವರು ಮಗನನ್ನೇ ಕೇಳಿದರಂತೆ. ಕರಿದದ್ದರಲ್ಲಿ ಒಂದು ತಟ್ಟೆ ಮೇಲಿನ ಮನೆಗೂ ಹೋಗತೊಡಗಿತು, ದೂರು ನಿಂತಿತು.

ಆ ವರ್ಷದ ಕೊನೆಗೆ ಊರಿನಲ್ಲಿ ಅವರ ಯಜಮಾನರು ತೀರಿಕೊಂಡರು. ಎನೆ ಹೋಗುವಂತಿರಲಿಲ್ಲ. ಮೂರನೇ ದಿನ, ಏಳನೇ ದಿನ, ನಲವತ್ತನೇ ದಿನ ಅಡುಗೆ ಮಾಡಿ ಕಾರಿಡಾರಿನ ಬಾಗಿಲು ಬಾಗಿಲಿಗೆ ಹಂಚಿದರು. ನಾನು ಅವರ ಕೈ ಹಿಡಿಯಬೇಕಿತ್ತು. ಆಗಿನ ಭಯವೆಂದರೆ ಎಂಥದ್ದು... ಎರಡು ಮೀಟರ್ ದೂರದಲ್ಲಿ ನಿಂತು ತಲೆ ಬಾಗಿಸಿ ಬಂದೆ.

ಮರುವರ್ಷ ಮೇ ತಿಂಗಳಲ್ಲಿ ಮೈಸೂರಿನಿಂದ ಅಣ್ಣನ ಫೋನ್. ಆಸ್ಪತ್ರೆಗೆ ಸೇರಿದ ಐದನೇ ದಿನ ಅಪ್ಪ ಹೋದರು. ಕ್ರಿಯೆಗಳನ್ನೆಲ್ಲ ಫೋನಿನ ಪರದೆಯಲ್ಲಿ ನೋಡಿದೆ. ಅಣ್ಣ ಪಿಪಿಇ ಕಿಟ್‌ನಲ್ಲಿದ್ದ, ಅವನ ಮುಖವೂ ಕಾಣಲಿಲ್ಲ. ನನಗೆ ಅಳು ಬರಲಿಲ್ಲ. ಅನ್ನ ಮಾಡಿದೆ, ಬಟ್ಟೆ ಒಗೆದೆ, ಮಗಳ ಹೋಮ್‌ವರ್ಕ್ ನೋಡಿದೆ. ಹೀಗೇ ಹತ್ತು ಹನ್ನೆರಡು ದಿನ.

ಒಂದು ಗುರುವಾರ ಸಂಜೆ ಬೆಲ್ ಆಯಿತು. ಬಾಗಿಲಲ್ಲಿ ಎನೆ, ಮೊಮ್ಮಗಳು. ಎನೆಯ ಕೈಯೆಲ್ಲ ಹಿಟ್ಟು. ಹುಡುಗಿಯರಿಬ್ಬರೂ ಜಪಾನಿಯಲ್ಲಿ ಮೆಲ್ಲಗೆ ಮಾತಾಡಿಕೊಂಡರು.

"ಅಮ್ಮ, ತಾತನ ನೇಮ್ ಏನು ಅಂತ ಎನೆ ಕೇಳ್ತಿದಾರೆ. ಹೆಸರು ಹೇಳಿ ಎಣ್ಣೆಗೆ ಹಾಕ್ಬೇಕಂತೆ."

ಹೇಳಿದೆ. ಎನೆ ಆ ಹೆಸರನ್ನು ಎರಡು ಸಲ ಬಾಯಲ್ಲಿ ಹೊರಳಿಸಿದರು. ಎರಡನೆಯ ಸಲ ಸರಿಯಾಗಿ ಬಂತು. ಆಮೇಲೆ ಅಂಗೈಗಳನ್ನು ಮುಖದ ಮುಂದೆ ಹಿಡಿದು ಏನೋ ಹೇಳಿದರು.

"ತಾತ ಮಲಗಿರೋ ಪ್ಲೇಸ್ ಬೆಳಕಾಗಿರಲಿ ಅಂತೆ," ಎಂದಳು ಮಗಳು. ಹಾಗೆಂದವಳೇ ನನ್ನ ಮುಖ ನೋಡಿದಳು. "ಬಟ್ ಅಮ್ಮ, ತಾತಂಗೆ ಪ್ಲೇಸ್ ಇಲ್ವಲ್ಲ?"

"ಶ್ರೀರಂಗಪಟ್ಟಣದಲ್ಲಿ ಮಾಮ ನದೀಗೆ ಬಿಟ್ಟರು ಅಂತ ಹೇಳು ಪುಟ್ಟಾ."

ಮಾತು ಒಂದು ಹುಡುಗಿಯಿಂದ ಇನ್ನೊಬ್ಬಳಿಗೆ, ಅವಳಿಂದ ಎನೆಗೆ ಹೋಯಿತು. ಅವರು ಮತ್ತೆ ಅಂಗೈ ಎತ್ತಿದರು.

"ಹಾಗಾದ್ರೆ ನದಿ ಬೆಳಕಾಗಿರಲಿ ಅಂತೆ."

ನಾನು ಬಾಗಿಲಲ್ಲೇ ಕುಸಿದು ಕೂತೆ. ಎನೆ ಎರಡು ಮೀಟರ್ ಲೆಕ್ಕ ಹಾಕಲಿಲ್ಲ. ಹಿಟ್ಟಿನ ಕೈಯಲ್ಲೇ ನನ್ನ ತಲೆಯನ್ನು ಎದೆಗೆ ಒತ್ತಿಕೊಂಡರು. ಎಷ್ಟು ಹೊತ್ತು ಅತ್ತೆನೋ... ಎದ್ದಾಗ ಪಕ್ಕದ ಮನೆಯೊಳಗೆ ಎಣ್ಣೆ ಹೊಗೆಯಾಡುತ್ತಿದೆಯೆಂದು ಅವರ ಸೊಸೆ ಕೂಗುತ್ತಿದ್ದಳು.

ವಿಮಾನಗಳು ಮತ್ತೆ ಹಾರತೊಡಗಿದಾಗ ಎನೆ ಊರಿಗೆ ಹೊರಟರು. ನೇಯ್ದ ಗಂಬಳಿಯನ್ನು ಗಂಡನ ಸಮಾಧಿ ನೋಡಿಕೊಳ್ಳುವವರ ಮನೆಗೆ ಕೊಡುವುದಾಗಿ ಹೇಳಿ ಸುತ್ತಿ ಒಯ್ದರು. ಲಿಫ್ಟಿನ ಬಾಗಿಲು ಮುಚ್ಚುವವರೆಗೂ ಇಬ್ಬರೂ ನಮ್ಮ ನಮ್ಮ ಭಾಷೆಯಲ್ಲಿ ಮಾತಾಡುತ್ತಲೇ ಇದ್ದೆವು. ಅಂದು ಅನುವಾದ ಮಾಡಲು ಯಾರನ್ನೂ ಕರೆಯಲಿಲ್ಲ. ಕೆಲವು ತಿಂಗಳಿಗೆ ಮಗ ಸೊಸೆಯೂ ಉರಯಾಸು ಎಂಬ ಊರಿಗೆ ಮನೆ ಬದಲಾಯಿಸಿದರು.

ಎನೆ ಹೋದ ಸುದ್ದಿ ಈ ಚಳಿಗಾಲದಲ್ಲಿ ಬಂತು. ಸೊಸೆ ಜಪಾನಿಯಲ್ಲಿ ಬರೆದಿದ್ದಳು, ನನಗೆ ಆ ಅಕ್ಷರ ಬಾರದು. ಮಗಳಿಗೆ ಈಗ ಹನ್ನೊಂದು ವರ್ಷ. ಮನಸ್ಸಿನಲ್ಲೇ ಓದಿಕೊಂಡು ಫೋನನ್ನು ಮೇಜಿನ ಮೇಲೆ ಮಗುಚಿಟ್ಟಳು. "ಎನೆ ಹೋಗ್ಬಿಟ್ರು ಅಮ್ಮ. ತಾತನ ಪಕ್ಕದಲ್ಲೇ ಮಲಗ್ಸಿದಾರಂತೆ, ನಮ್ಮ ತಾತ ಅಲ್ಲ, ಅವರ ಮನೆ ತಾತ." ಫೋನನ್ನು ಮತ್ತೆ ಕೈಗೆತ್ತಿಕೊಂಡು, "ಏನಂತ ರಿಪ್ಲೈ ಮಾಡ್ಲಿ?" ಎಂದಳು.

ಹೆಸರು ಹೇಳಿ, ಅವರು ಮಲಗಿರುವ ಜಾಗ ಬೆಳಕಾಗಿರಲಿ ಎಂದು ಬರೆಸಬೇಕೆಂದುಕೊಂಡೆ. ಎರಡೂವರೆ ವರ್ಷ ಗೋಡೆಗೆ ಗೋಡೆ ತಾಗಿಸಿ ಬದುಕಿದವಳು ನಾನು. ನನ್ನ ಅಪ್ಪನ ಹೆಸರನ್ನು ಮನೆ ಬಾಗಿಲಿಗೆ ಬಂದು ಕೇಳಿ ಕಲಿತವರ ಹೆಸರು ನನಗೆ ಗೊತ್ತಿರಲಿಲ್ಲ. ಕೇಳಬೇಕೆಂದು ಒಮ್ಮೆಯೂ ತೋಚಿರಲಿಲ್ಲ.

"ಅವರ ಹೆಸರೇನು ಅಂತ ಕೇಳು," ಎಂದೆ.

ಉತ್ತರ ಬಂತು. ಮಗಳು ಓದಿದಳು. ನಾನು ಎರಡು ಸಲ ಹೇಳಿ ನೋಡಿದೆ. ಸರಿಯಾಗಿ ಬಂತೋ ಇಲ್ಲವೋ, ತಿದ್ದುವವರು ಇರಲಿಲ್ಲ.